ಹರಡಿದ ಕ್ಯಾನ್ಸರ್‌ಗೆ ಐದು ದಿನದ ‘ಕರೆಂಟ್’: ಯಾರಿಗೆ ಸರಿ, ಯಾರಿಗೆ ಸಲ್ಲದು

‘ನಾಲ್ಕನೇ ಸ್ಟೇಜ್ ಅಂತೆ’ ಎಂಬ ಮಾತು ಮನೆ ಮುಟ್ಟಿದ ದಿನವೇ ಅರ್ಧ ತೀರ್ಮಾನ ಆಗಿಬಿಡುತ್ತದೆ. ಮಧುಗಿರಿಯಾಗಲಿ, ಮುಳಬಾಗಿಲಾಗಲಿ, ‘ಇನ್ನು ಅಲೆದಾಡಿಸೋದು ಬೇಡ, ಮನೇಲೇ ಚೆನ್ನಾಗಿ ನೋಡ್ಕೊಳ್ಳೋಣ’ ಎನ್ನುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಎಷ್ಟೋ ಸಲ ಅವರ ಮಾತೇ ಸರಿ. ಆದರೆ ಈಚಿನ ವರ್ಷಗಳಲ್ಲಿ ಇನ್ನೊಂದು ಮಾತೂ ಊರು ತಲುಪುತ್ತಿದೆ. ಬೆಂಗಳೂರಿನ ಆಸ್ಪತ್ರೆಗಳ ವಿಡಿಯೊ, ತುಮಕೂರಿನ ಬಿ.ಎಚ್. ರಸ್ತೆಯ ಫ್ಲೆಕ್ಸು, ಯಾರೋ ಕಳಿಸಿದ ವಾಟ್ಸ್‌ಆ್ಯಪ್ ಫಾರ್ವರ್ಡು, ಎಲ್ಲದರ ಸಾರ ಒಂದೇ: ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಐದೇ ದಿನದಲ್ಲಿ ಗಂಟು ಸುಟ್ಟುಹೋಗುತ್ತದೆ. ಒಬ್ಬರು ಮೊದಲ ಮಾತು ಕೇಳಿ ಕೈಚೆಲ್ಲುತ್ತಾರೆ, ಇನ್ನೊಬ್ಬರು ಎರಡನೆಯದನ್ನು ನಂಬಿ ಸೈಟು ಮಾರಲು ಹೊರಡುತ್ತಾರೆ.

ಈ ಚಿಕಿತ್ಸೆಯ ಹೆಸರು ಸ್ಟೀರಿಯೊಟ್ಯಾಕ್ಟಿಕ್ ಬಾಡಿ ರೇಡಿಯೊಥೆರಪಿ, ಚಿಕ್ಕದಾಗಿ ಎಸ್‌ಬಿಆರ್‌ಟಿ. ಕ್ಯಾನ್ಸರ್ ಹುಟ್ಟಿದ ಜಾಗ ಬಿಟ್ಟು ಬೇರೆ ಕಡೆ ಹರಡಿದೆ, ಆದರೆ ಎಲ್ಲೆಂದರಲ್ಲಿ ಅಲ್ಲ, ಮೂರೋ ನಾಲ್ಕೋ ಐದೋ ಕಡೆ ಮಾತ್ರ. ಅಂಥವರಲ್ಲಿ ಆಯಾ ಗಂಟಿಗೆ ಮಾತ್ರ ಗುರಿಯಿಟ್ಟು ಭಾರೀ ಪ್ರಮಾಣದ ವಿಕಿರಣ ಕೊಡುವುದು ಇದರ ಕೆಲಸ. ಹೀಗೆ ಸೀಮಿತವಾಗಿ ಹರಡಿದ ಸ್ಥಿತಿಯನ್ನು ವೈದ್ಯರು ಆಲಿಗೋಮೆಟಾಸ್ಟಾಸಿಸ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಯಂತ್ರಕ್ಕೆ ಬರವಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಇಲ್ಲಿ ಕೇಳಬೇಕಾದ್ದು ಯಂತ್ರದ ವಿಷಯವಲ್ಲ, ಆಯ್ಕೆಯ ವಿಷಯ. ಗಂಟು ಎಷ್ಟಿವೆ ಎಂಬ ಎಣಿಕೆಗಿಂತ, ಅವು ಎಷ್ಟು ಕಾಲಕ್ಕೆ ಬಂದವು, ಯಾವ ಕ್ಯಾನ್ಸರಿನಿಂದ ಬಂದವು, ನಿಜಕ್ಕೂ ಕ್ಯಾನ್ಸರೇ ಹೌದೇ ಎಂಬ ಮೂರು ಪ್ರಶ್ನೆಗಳು ಇಲ್ಲಿ ದೊಡ್ಡವು. ಜಾಹೀರಾತಿನಲ್ಲಿ ಈ ಮೂರೂ ಇರುವುದಿಲ್ಲ.

ನಡುವೆ ಒಂದು ಸ್ಥಿತಿ

ಕ್ಯಾನ್ಸರ್ ಒಮ್ಮೆ ಜಾಗ ಬಿಟ್ಟು ಹೊರಟರೆ ಅದು ಇಡೀ ಮೈಯ ಕಾಯಿಲೆ, ಇನ್ನು ಅಲ್ಲಲ್ಲಿ ಕತ್ತರಿಸಿ ಸುಟ್ಟು ಪ್ರಯೋಜನವಿಲ್ಲ. ಇದು ಬಹುಕಾಲ ವೈದ್ಯಶಾಸ್ತ್ರ ನಂಬಿಕೊಂಡು ಬಂದ ಮಾತು. 1995ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಹೆಲ್ಮನ್ ಮತ್ತು ರಾಲ್ಫ್ ವೈಕ್ಸೆಲ್‌ಬಾಮ್ ಒಂದು ಪುಟ್ಟ ಲೇಖನ ಬರೆದು, ಜಾಗದಲ್ಲೇ ಇರುವ ಕ್ಯಾನ್ಸರಿಗೂ ಎಲ್ಲ ಕಡೆ ಹರಡಿದ ಕ್ಯಾನ್ಸರಿಗೂ ನಡುವೆ ಒಂದು ಸ್ಥಿತಿ ಇದೆ ಎಂದು ವಾದಿಸಿದರು. ಅದಕ್ಕೆ ಒಂದು ಆಧಾರ ಕಣ್ಣೆದುರೇ ಇತ್ತು. ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿನ ಒಂದೆರಡು ಕಡೆಗಷ್ಟೇ ಹರಡಿದವರಲ್ಲಿ ಆ ಭಾಗ ಕತ್ತರಿಸಿ ತೆಗೆದರೆ, ಒಂದಷ್ಟು ಮಂದಿ ಹತ್ತು ವರ್ಷ ದಾಟಿಯೂ ಬದುಕುತ್ತಿದ್ದರು. ಎಲ್ಲ ನಾಲ್ಕನೇ ಹಂತವೂ ಒಂದೇ ಅಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಆದರೆ ಆ ನಡುವಿನ ಸ್ಥಿತಿಯಲ್ಲಿ ಇರುವವರು ಯಾರು ಎಂದು ಹೇಳುವುದು ಹೇಗೆ? ಹೊಲದಲ್ಲಿ ನಾಲ್ಕು ಕಾಂಗ್ರೆಸ್ ಗಿಡ ಕಂಡವೆಂದುಕೊಳ್ಳಿ. ಹೋದ ವರ್ಷ ಹಸನು ಮಾಡಿದ ಹೊಲದಲ್ಲಿ ಈಗ ನಾಲ್ಕು ಎದ್ದಿವೆ ಎಂದರೆ ಕಿತ್ತು ಹಾಕಿ ನೆಮ್ಮದಿಯಾಗಿ ಇರಬಹುದು. ಮೊನ್ನೆ ಮಳೆ ಬಿದ್ದು ಇವತ್ತು ಮೊದಲ ನಾಲ್ಕು ತಲೆಯೆತ್ತಿವೆ ಎಂದರೆ ಕೀಳುವ ಕೆಲಸಕ್ಕೆ ಅರ್ಥವಿಲ್ಲ, ಮಣ್ಣಲ್ಲಿ ಬೀಜ ತುಂಬಿದೆ. ಎರಡು ಹೊಲದಲ್ಲೂ ಎಣಿಕೆ ನಾಲ್ಕೇ.

2020ರಲ್ಲಿ ಯುರೋಪಿನ ವಿಕಿರಣ ಮತ್ತು ಕ್ಯಾನ್ಸರ್ ತಜ್ಞರ ಸಂಘಟನೆಗಳು ಸೇರಿ ಮಾಡಿದ ವರ್ಗೀಕರಣದ ತಿರುಳೂ ಇದೇ. ಮೊದಲ ಕಾಯಿಲೆ ಪತ್ತೆಯಾದಾಗಲೇ ಗಂಟುಗಳೂ ಇದ್ದವೇ, ಆರು ತಿಂಗಳ ಮೇಲೆ ಬಂದವೇ, ಔಷಧಿ ನಡೆಯುತ್ತಿರುವಾಗಲೇ ಬೆಳೆದವೇ, ಅಥವಾ ಮೊದಲು ಎಲ್ಲ ಕಡೆ ಇದ್ದು ಕೀಮೊದಿಂದ ಕರಗಿ ಈಗ ಮೂರೇ ಉಳಿದಿವೆಯೇ? ಒಂದೊಂದಕ್ಕೂ ಲೆಕ್ಕ ಬೇರೆ. ಮೊದಲಿಂದಲೂ ಮೂರೇ ಇದ್ದವನಿಗೂ, ಮೂವತ್ತರಿಂದ ಮೂರಕ್ಕೆ ಇಳಿದವನಿಗೂ ಸ್ಕ್ಯಾನ್ ಚಿತ್ರ ಒಂದೇ ರೀತಿ ಕಾಣಬಹುದು, ಮುಂದಿನ ದಾರಿ ಒಂದೇ ಅಲ್ಲ.

ಹೊರರೋಗಿ ವಿಭಾಗದಲ್ಲಿ ಈ ಮಾತು ಆಗುವುದು ಹೀಗೆ. ಮಗ ಕೇಳುತ್ತಾನೆ, ‘ಮೇಡಂ, ಮೂರೇ ಗಂಟು ತಾನೆ, ಸುಟ್ಟಾಕ್ಬಿಡಿ.’ ವೈದ್ಯರು ಹೇಳುತ್ತಾರೆ, ‘ಮೂರು ಕಾಣ್ತಿದಾವಪ್ಪಾ. ಕಾಣದೇ ಇರೋದು ಎಷ್ಟಿದೆ ಅಂತ ತಿಳ್ಕೊಳ್ಳೋಕೆ ಮೂರು ತಿಂಗಳು ಮಾತ್ರೆ ಕೊಟ್ಟು ನೋಡೋಣ.’ ಮಗನಿಗೆ ಇದು ಸಾಗಹಾಕುವ ಮಾತಿನಂತೆ ಕೇಳಿಸುತ್ತದೆ. ಇಲ್ಲಿ ಕಾಯುವುದೂ ಒಂದು ಪರೀಕ್ಷೆಯೇ. ಆ ಮೂರು ತಿಂಗಳಲ್ಲಿ ಹೊಸದೇನೂ ಕಾಣಿಸಿಕೊಳ್ಳದಿದ್ದರೆ ವಿಕಿರಣಕ್ಕೆ ಬೆಲೆ ಬರುತ್ತದೆ. ಹತ್ತು ಹೊಸ ಗಂಟು ಬಂದರೆ, ಆಗದ ಕೆಲಸಕ್ಕೆ ಸುರಿಯಬೇಕಿದ್ದ ಹಣವೂ ಮೈಯ ತ್ರಾಣವೂ ಉಳಿದವು.

ಐದು ದಿನದಲ್ಲಿ ನಡೆಯುವುದೇನು

ನಮ್ಮ ಕಡೆ ‘ಕರೆಂಟ್ ಇಡೋದು’ ಎಂದೇ ಎಲ್ಲರೂ ಕರೆಯುವ ಮಾಮೂಲಿ ವಿಕಿರಣ ಚಿಕಿತ್ಸೆಯಲ್ಲಿ ದಿನಕ್ಕೆ ಸುಮಾರು 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣ ಅಳೆಯುವ ಮಾನ), ವಾರಕ್ಕೆ ಐದು ದಿನ, ಐದಾರು ವಾರ ಕೊಡುತ್ತಾರೆ. ಸುತ್ತಲಿನ ಒಳ್ಳೆಯ ಭಾಗ ರಾತ್ರೋರಾತ್ರಿ ಚೇತರಿಸಿಕೊಳ್ಳಲಿ ಎಂದು ಹೀಗೆ ಸಣ್ಣ ಸಣ್ಣ ಕಂತು. ಎಸ್‌ಬಿಆರ್‌ಟಿಯಲ್ಲಿ ಕಂತು ಒಂದರಿಂದ ಐದು, ಅಪರೂಪಕ್ಕೆ ಎಂಟು. ಶ್ವಾಸಕೋಶದ ಅಂಚಿನ ಗಂಟಿಗೆ ಮೂರು ಕಂತಿನಲ್ಲಿ 18 ಗ್ರೇಯಂತೆ ಒಟ್ಟು 54 ಗ್ರೇ ಕೊಡುವುದು ಪರಿಚಿತ ಕ್ರಮ. ಮಾಮೂಲಿ ರೀತಿಯ 60 ಗ್ರೇಗಿಂತ ಇದು ಕಡಿಮೆ ಎನಿಸಬಹುದು. ಆದರೆ ಕಂತು ದೊಡ್ಡದಾದಷ್ಟೂ ಜೀವಕೋಶಕ್ಕೆ ತಟ್ಟುವ ಏಟು ಹೆಚ್ಚು. ವಿಕಿರಣ ತಜ್ಞರು ಬಳಸುವ ಲೆಕ್ಕದಲ್ಲಿ ಮೂವತ್ತು ಕಂತಿನ 60 ಗ್ರೇ 72ಕ್ಕೆ ಸಮವಾದರೆ, ಮೂರು ಕಂತಿನ 54 ಗ್ರೇ 151ಕ್ಕೆ ಸಮ. ಎರಡು ಪಟ್ಟಿಗೂ ಮೇಲೆ.

ಏಟು ಇಷ್ಟು ದೊಡ್ಡದಾದ ಮೇಲೆ ಗುರಿ ತಪ್ಪುವಂತಿಲ್ಲ. ಹಾಗಾಗಿ ಚಿಕಿತ್ಸೆಯ ಐದು ದಿನಕ್ಕಿಂತ ಅದರ ಹಿಂದಿನ ತಯಾರಿಯೇ ದೊಡ್ಡದು. ಪುಟ್ಟ ಥರ್ಮಾಕೋಲ್ ಮಣಿ ತುಂಬಿದ ಚೀಲದ ಮೇಲೆ ರೋಗಿಯನ್ನು ಮಲಗಿಸಿ, ಚೀಲದೊಳಗಿನ ಗಾಳಿ ಎಳೆಯುತ್ತಾರೆ. ಚೀಲ ಬಿಗಿದು ಬೆನ್ನು, ಭುಜ, ಸೊಂಟದ ಅಚ್ಚು ಅದರಲ್ಲಿ ಉಳಿಯುತ್ತದೆ. ಪ್ರತಿ ದಿನ ಅದೇ ಅಚ್ಚಿನಲ್ಲಿ ಮಲಗಬೇಕು, ಕೈಗಳು ತಲೆಯ ಮೇಲೆ. ಕೂಲಿ ಮಾಡಿ ಭುಜ ಸವೆದವರಿಗೆ ಅರ್ಧ ಗಂಟೆ ಹಾಗೆ ಕೈ ಎತ್ತಿಕೊಂಡಿರುವುದೇ ಎಲ್ಲಕ್ಕಿಂತ ಕಷ್ಟದ ಭಾಗ. ಮುಂಚೆಯೇ ಹೇಳಿದರೆ ನೋವಿನ ಮಾತ್ರೆ ಕೊಡುತ್ತಾರೆ. ಆಮೇಲೆ ಉಸಿರಿನ ಲೆಕ್ಕ. ಶ್ವಾಸಕೋಶದ ಕೆಳಭಾಗದ ಗಂಟು ಒಂದೊಂದು ಉಸಿರಿಗೂ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಓಡಾಡಬಹುದು. ಆ ಓಡಾಟವನ್ನೇ ಸಿ.ಟಿ. ಸ್ಕ್ಯಾನಿನಲ್ಲಿ ಸೆರೆಹಿಡಿದು, ಗಂಟು ಎಲ್ಲೆಲ್ಲಿ ಹೋಗುತ್ತದೋ ಅಷ್ಟಕ್ಕೂ ಗೆರೆ ಎಳೆಯುತ್ತಾರೆ. ಅಲ್ಲಿಂದ ಮುಂದೆ ಕೆಲಸ ಭೌತವಿಜ್ಞಾನಿಯದು. ಯಾವ ಕೋನದಿಂದ ಎಷ್ಟು ಕಿರಣ ಬಿಟ್ಟರೆ ಗಂಟಿಗೆ ಪೂರ್ತಿ, ಪಕ್ಕದ ಬೆನ್ನುಹುರಿಗೆ ಮಿತಿಯೊಳಗೆ ಎಂದು ಅವರು ಗಂಟೆಗಟ್ಟಲೆ ಕುಳಿತು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಸರಿಯೇ ಎಂದು ಮೊದಲು ಒಂದು ಗೊಂಬೆಯ ಮೇಲೆ ಅಳೆದು ನೋಡುತ್ತಾರೆ. ರೋಗಿಯ ಕುಟುಂಬಕ್ಕೆ ಈ ಭೌತವಿಜ್ಞಾನಿಯ ಮುಖವೇ ಕಾಣುವುದಿಲ್ಲ. ಆದರೆ ಎಸ್‌ಬಿಆರ್‌ಟಿ ಎಂಬ ಫಲಕ ಹಾಕುವ ಯೋಗ್ಯತೆ ಒಂದು ಆಸ್ಪತ್ರೆಗೆ ಬರುವುದು ಹೆಚ್ಚಾಗಿ ಅವರಿಂದ.

ಚಿಕಿತ್ಸೆಯ ದಿನ ಟೇಬಲ್ ಮೇಲೆ ಮಲಗಿಸಿ, ಅಲ್ಲೇ ಮತ್ತೊಂದು ಸ್ಕ್ಯಾನ್ ತೆಗೆದು, ಮಿಲಿಮೀಟರ್ ಲೆಕ್ಕದಲ್ಲಿ ಸರಿಪಡಿಸಿ ಕಿರಣ ಬಿಡುತ್ತಾರೆ. ನೋವಿಲ್ಲ, ಬಿಸಿಯೂ ತಾಕುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಸ್ ಹತ್ತಬಹುದು.

ಹಾಗೆಂದು ಅಪಾಯ ಇಲ್ಲ ಎಂದಲ್ಲ. ಶ್ವಾಸಕೋಶದಲ್ಲಿ ಉರಿಯೂತ ಬಂದು ತಿಂಗಳುಗಟ್ಟಲೆ ಕೆಮ್ಮು, ಪಕ್ಕೆಲುಬಿನಲ್ಲಿ ಬಿರುಕು, ವಿಕಿರಣ ಪಡೆದ ಬೆನ್ನುಮೂಳೆ ಕುಸಿಯುವುದು, ಕರುಳು ಹತ್ತಿರವಿದ್ದರೆ ಹುಣ್ಣು, ರಕ್ತಸ್ರಾವ. ಮುಖ್ಯ ಶ್ವಾಸನಾಳದ ಸುತ್ತ ಎರಡು ಸೆಂಟಿಮೀಟರಿನೊಳಗೆ ಗಂಟಿದ್ದರೆ ಮೂರು ಕಂತಿನ ಆಟ ನಡೆಯುವುದಿಲ್ಲ. ಅಲ್ಲಿ ಹಾಗೆ ಕೊಟ್ಟು ಜೀವಹಾನಿಯಾದದ್ದು 2006ರಲ್ಲೇ ವರದಿಯಾಗಿದೆ.

ಪ್ರಯೋಗಗಳು ಹೇಳಿದ್ದು

ಜಾಹೀರಾತುಗಳು ಬಾಯಿಬಿಟ್ಟು ಹೇಳದಿದ್ದರೂ ಬೆನ್ನಿಗಿಟ್ಟುಕೊಂಡಿರುವುದು ಸೇಬರ್-ಕಾಮೆಟ್ ಎಂಬ ಪ್ರಯೋಗವನ್ನು. ಕೆನಡಾದ ಡೇವಿಡ್ ಪಾಮಾ ನೇತೃತ್ವದಲ್ಲಿ ನಾಲ್ಕು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದದ್ದು. ಐದರವರೆಗೆ ಗಂಟು ಇದ್ದ 99 ರೋಗಿಗಳು, ಚೀಟಿ ಎತ್ತಿದಂತೆ ಎರಡು ಗುಂಪು. ಮಾಮೂಲಿ ಚಿಕಿತ್ಸೆಯವರಲ್ಲಿ ಅರ್ಧದಷ್ಟು ಮಂದಿ 28 ತಿಂಗಳು ದಾಟಿದರೆ, ಎಸ್‌ಬಿಆರ್‌ಟಿ ಪಡೆದವರಲ್ಲಿ ಅರ್ಧದಷ್ಟು ಮಂದಿ 41 ತಿಂಗಳು ದಾಟಿದರು. ಎಂಟನೇ ವರ್ಷದ ಲೆಕ್ಕದಲ್ಲಿ ಒಂದು ಕಡೆ ಶೇ 13.6 ಮಂದಿ ಬದುಕಿದ್ದರು, ಇನ್ನೊಂದು ಕಡೆ ಶೇ 27.2. ನಾಲ್ಕನೇ ಹಂತದ ಕಾಯಿಲೆಯಲ್ಲಿ ಎಂಟು ವರ್ಷ ಎಂಬುದು ಸಣ್ಣ ಮಾತಲ್ಲ.

ಆದರೆ ಅದೇ ವರದಿಯನ್ನು ಪೂರ್ತಿ ಓದಬೇಕು. ಎಸ್‌ಬಿಆರ್‌ಟಿ ಪಡೆದ 66 ಜನರಲ್ಲಿ ಮೂವರು ಚಿಕಿತ್ಸೆಯ ಪರಿಣಾಮದಿಂದಲೇ ತೀರಿಕೊಂಡರು. ನಿಧಾನವಾಗಿ ಬೆಳೆಯುವ, ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನವರು ಎಸ್‌ಬಿಆರ್‌ಟಿ ಗುಂಪಿನಲ್ಲಿ 14 ಮಂದಿ ಇದ್ದರೆ ಇನ್ನೊಂದರಲ್ಲಿ ಇಬ್ಬರೇ. ಅಷ್ಟರಿಂದಲೇ ತಕ್ಕಡಿ ಒಂದಿಷ್ಟು ವಾಲುತ್ತದೆ. ಪ್ರಯೋಗ ನಡೆಸಿದವರೇ ಇದನ್ನು ಎರಡನೇ ಹಂತದ ಪ್ರಯೋಗ, ಅಂತಿಮ ತೀರ್ಪಲ್ಲ ಎಂದು ಹೇಳಿದ್ದರು.

ಇದಾದ ಮೇಲೆ ಒಂದೊಂದು ಕ್ಯಾನ್ಸರಿಗೂ ಪ್ರತ್ಯೇಕ ಪ್ರಯೋಗಗಳು ನಡೆದಾಗ ಉತ್ತರ ಒಡೆದು ಚೂರಾಯಿತು. ಸ್ತನ ಕ್ಯಾನ್ಸರ್ ಹರಡಿದ 125 ಮಂದಿಯ ಅಮೆರಿಕದ ಪ್ರಯೋಗ 2022ರಲ್ಲಿ ಹೊರಬಂತು. ಒಳ್ಳೆಯ ಔಷಧಿ ಮಾತ್ರ ಪಡೆದವರಲ್ಲಿ ಕಾಯಿಲೆ ಮುಂದುವರಿಯದೆ ನಿಂತದ್ದು ಸರಾಸರಿ 23 ತಿಂಗಳು, ಔಷಧಿಯ ಜತೆ ಎಸ್‌ಬಿಆರ್‌ಟಿಯನ್ನೋ ಆಪರೇಷನ್ನನ್ನೋ ಮಾಡಿಸಿಕೊಂಡವರಲ್ಲಿ 19.5 ತಿಂಗಳು. ಅಂದರೆ ಲಾಭ ಕಾಣಲಿಲ್ಲ. ಇದು ನಮ್ಮವರಿಗೆ ಹೊಸ ಸುದ್ದಿಯಾಗಬೇಕಿರಲಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 350 ಮಹಿಳೆಯರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಯಿಲೆ ಬೇರೆಡೆ ಹರಡಿದ ಮೇಲೆ ಸ್ತನದ ಮೂಲ ಗಡ್ಡೆ ತೆಗೆದು ವಿಕಿರಣ ಕೊಟ್ಟರೂ ಆಯುಸ್ಸು ಹೆಚ್ಚಲಿಲ್ಲ. ಪ್ರಶ್ನೆ ಸ್ವಲ್ಪ ಬೇರೆ, ಪಾಠ ಹತ್ತಿರದ್ದು. ಕಣ್ಣಿಗೆ ಕಾಣುವುದನ್ನು ತೆಗೆದ ಮಾತ್ರಕ್ಕೆ ಕಾಯಿಲೆಯ ಓಟ ನಿಲ್ಲುವುದಿಲ್ಲ.

ಪ್ರಾಸ್ಟೇಟ್ ವಿಷಯದಲ್ಲಿ ಚಿತ್ರ ಬೇರೆ. ತಿಪಟೂರು ಕಡೆಯ ಅರವತ್ತೆಂಟು ವರ್ಷದ ತೆಂಗಿನ ತೋಟದವರೊಬ್ಬರು ಎಂದುಕೊಳ್ಳೋಣ. ಆಪರೇಷನ್ ಆಗಿ ನಾಲ್ಕು ವರ್ಷ ಚೆನ್ನಾಗಿದ್ದರು. ಈಗ ಈ ಕ್ಯಾನ್ಸರಿನ ಸುಳಿವು ಕೊಡುವ ರಕ್ತಪರೀಕ್ಷೆಯ ಅಂಕಿ, ಪಿಎಸ್‌ಎ, ಮೆಲ್ಲಗೆ ಏರುತ್ತಿದೆ, ಸ್ಕ್ಯಾನ್ ಮಾಡಿದರೆ ಸೊಂಟದ ಮೂಳೆಯಲ್ಲಿ ಒಂದು, ದುಗ್ಧರಸ ಗ್ರಂಥಿಯಲ್ಲಿ (ಲಿಂಫ್ ನೋಡ್) ಒಂದು. ಮಾಮೂಲಿ ದಾರಿ ಹಾರ್ಮೋನು ತಡೆಯುವ ಇಂಜೆಕ್ಷನ್. ಅದು ಕೆಲಸ ಮಾಡುತ್ತದೆ, ಜತೆಗೆ ಸುಸ್ತು, ಮೈ ಕಾವು, ಮೂಳೆ ಸವೆತ, ಸಕ್ಕರೆ ಕಾಯಿಲೆಯ ಅಪಾಯ ತರುತ್ತದೆ. ಮರ ಹತ್ತಿಸಿ ಕಾಯಿ ಕೀಳಿಸುವ, ತೋಟದಲ್ಲಿ ದಿನವಿಡೀ ಓಡಾಡುವ ಮನುಷ್ಯನಿಗೆ ಇದು ಪುಟ್ಟ ನಷ್ಟವಲ್ಲ. ಬೆಲ್ಜಿಯಂನ ಒಂದು ಪ್ರಯೋಗದಲ್ಲಿ, 62 ಜನರಲ್ಲಿ, ಗಂಟುಗಳಿಗೆ ಗುರಿಯಿಟ್ಟು ಚಿಕಿತ್ಸೆ ಕೊಟ್ಟಾಗ ಹಾರ್ಮೋನು ಇಂಜೆಕ್ಷನ್ ಶುರು ಮಾಡಬೇಕಾದ ದಿನ 13 ತಿಂಗಳಿಂದ 21 ತಿಂಗಳಿಗೆ ಮುಂದೆ ಹೋಯಿತು. ಅಮೆರಿಕದ ಇನ್ನೊಂದರಲ್ಲಿ, 54 ಜನರಲ್ಲಿ, ಆರು ತಿಂಗಳೊಳಗೆ ಕಾಯಿಲೆ ಮುಂದುವರಿದದ್ದು ಸುಮ್ಮನೆ ಕಾದವರಲ್ಲಿ ಶೇ 61, ಎಸ್‌ಬಿಆರ್‌ಟಿ ಪಡೆದವರಲ್ಲಿ ಶೇ 19. ಇವೆರಡೂ ಪುಟ್ಟ ಪ್ರಯೋಗಗಳು, ಆಯುಸ್ಸು ಹೆಚ್ಚುತ್ತದೆ ಎಂದು ಇವು ಸಾಬೀತು ಮಾಡಿಲ್ಲ. ಆದರೆ ಇಂಜೆಕ್ಷನ್ನಿನ ಕಾಟವಿಲ್ಲದೆ ಎಂಟು ತಿಂಗಳು ತೋಟದಲ್ಲಿ ಓಡಾಡುವುದೂ ಒಂದು ಲಾಭ. ಇಂಥವರು ಕೇಳಿದರೆ, ಹೋಗಿ ಒಮ್ಮೆ ವಿಕಿರಣ ತಜ್ಞರನ್ನು ಕಾಣಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಶ್ವಾಸಕೋಶದ ಕಗ್ಗಂಟು

ಎಲ್ಲಕ್ಕಿಂತ ಕುತೂಹಲದ, ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಗೆ ಹೆಚ್ಚು ಸಂಬಂಧಪಟ್ಟ ಪ್ರಶ್ನೆ ಇರುವುದು ಶ್ವಾಸಕೋಶದ ಕ್ಯಾನ್ಸರಿನಲ್ಲಿ. ಅಮೆರಿಕದಲ್ಲಿ ಡೇನಿಯಲ್ ಗೊಮೆಜ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಮೊದಲ ಸುತ್ತಿನ ಔಷಧಿಯ ನಂತರ ಮೂರು ಅಥವಾ ಅದಕ್ಕಿಂತ ಕಡಿಮೆ ಗಂಟು ಉಳಿದವರನ್ನು ತೆಗೆದುಕೊಂಡರು. 49 ಮಂದಿ ಆಗುವಷ್ಟರಲ್ಲೇ ವ್ಯತ್ಯಾಸ ಎಷ್ಟು ಎದ್ದು ಕಂಡಿತೆಂದರೆ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಿದರು. ವಿಕಿರಣ ಅಥವಾ ಆಪರೇಷನ್ ಆದವರು ಬದುಕಿದ್ದು ಸರಾಸರಿ 41.2 ತಿಂಗಳು, ಉಳಿದವರು 17. ಆದರೆ 2024ರಲ್ಲಿ 215 ರೋಗಿಗಳ ದೊಡ್ಡ ಪ್ರಯೋಗ ಬಂದಾಗ ಆ ಲಾಭ ಆವಿಯಾಗಿತ್ತು. ಏನಾಯಿತು ನಡುವೆ? ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಬಂತು. ಎರಡನೇ ಪ್ರಯೋಗದಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಆ ಔಷಧಿ ಸಿಕ್ಕಿತ್ತು.

ಈಗ ಪಾವಗಡದ ಒಬ್ಬ ರೋಗಿಯನ್ನು ನೆನೆಯಿರಿ. ಅವನಿಗೆ ಇಮ್ಯುನೋಥೆರಪಿ ಎಲ್ಲಿ? ಪೂರ್ಣ ಪ್ರಮಾಣದಲ್ಲಿ ಒಂದೊಂದು ಡೋಸಿಗೆ ಲಕ್ಷದ ಮಾತು. ಔಷಧಿಯ ಮಟ್ಟಿಗೆ ಅವನು 2024ರ ಅಮೆರಿಕದ ರೋಗಿಗಿಂತ ಗೊಮೆಜ್ ಪ್ರಯೋಗದ ರೋಗಿಗೆ ಹತ್ತಿರ. ಹಾಗಾದರೆ ಎಸ್‌ಬಿಆರ್‌ಟಿಯಿಂದ ಲಾಭವಿಲ್ಲ ಎಂಬ ಹೊಸ ತೀರ್ಪು ಅವನಿಗೆ ಹೇಗೆ ಅನ್ವಯಿಸುತ್ತದೆ? ವಿಕಿರಣ ತಜ್ಞರಲ್ಲಿ ಹಲವರು ಹೀಗೆ ಯೋಚಿಸುತ್ತಾರೆ, ನನಗೂ ಇದು ತಳ್ಳಿಹಾಕುವ ವಾದ ಅನ್ನಿಸುವುದಿಲ್ಲ. ಆದರೆ ಇದು ವಾದ ಮಾತ್ರ. 49 ಜನರ ಪ್ರಯೋಗವನ್ನು ನೆಚ್ಚಿ ಎಲ್ಲರಿಗೂ ಚೀಟಿ ಬರೆಯುವುದು ಬೇರೆ.

ಒಂದು ಗುಂಪಿಗೆ ಮಾತ್ರ ವಾದ ಗಟ್ಟಿಯಾಗಿದೆ. ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಇರುವ ಶ್ವಾಸಕೋಶ ಕ್ಯಾನ್ಸರ್, ಪಾಶ್ಚಾತ್ಯರಿಗಿಂತ ಭಾರತೀಯರಲ್ಲಿ ಹೆಚ್ಚು. ಬೀಡಿ ಸಿಗರೇಟು ಮುಟ್ಟದವರಲ್ಲೂ, ಹೆಂಗಸರಲ್ಲೂ ಕಾಣುವ ಬಗೆ ಇದು. ಇದಕ್ಕೆ ಜೆಫಿಟಿನಿಬ್‌ನಂಥ ಮಾತ್ರೆ ಇದೆ, ಭಾರತದಲ್ಲಿ ಹಲವು ಕಂಪನಿಗಳು ತಯಾರಿಸುವುದರಿಂದ ಬೆಲೆಯೂ ಕೈಗೆಟುಕುವಂಥದ್ದು. ಚೀನಾದಲ್ಲಿ 133 ಮಂದಿಯ ಮೇಲೆ ಇದೇ ವರ್ಗದ ಮಾತ್ರೆಯ ಜತೆ ಗುರಿ ವಿಕಿರಣ ಕೊಟ್ಟಾಗ ಬದುಕಿನ ಅವಧಿ 17.4 ತಿಂಗಳಿಂದ 25.5ಕ್ಕೆ ಏರಿತು. ಅಗ್ಗದ ಮಾತ್ರೆ, ಐದು ದಿನದ ವಿಕಿರಣ. ನಮ್ಮಲ್ಲಿ ಇದಕ್ಕೆ ಅಡ್ಡಿಯಾಗುವುದು ಹಣಕ್ಕಿಂತ ಹೆಚ್ಚಾಗಿ, ಬೈಯಾಪ್ಸಿ ತುಣುಕನ್ನು ಜೀನ್ ಪರೀಕ್ಷೆಗೆ ಕಳಿಸದೇ ಇರುವುದು. ‘ಸಾರ್, ಇಜಿಎಫ್‌ಆರ್ ಟೆಸ್ಟ್ ಕಳ್ಸಿದೀರಾ?’ ಎಂದು ಒಂದು ಮಾತು ಕೇಳುವುದಕ್ಕೆ ಸಂಕೋಚ ಬೇಕಿಲ್ಲ.

ಕೋಲಾರಕ್ಕೆ ಬಂದರೆ ಕಾಯಿಲೆಯೇ ಬೇರೆ. ಅಲ್ಲಿ ಬಾಯಿ ಕ್ಯಾನ್ಸರ್, ಅದರಲ್ಲೂ ಕೆನ್ನೆಯ ಒಳಗಿನದು, ಹೆಂಗಸರನ್ನೂ ಬಿಡುವುದಿಲ್ಲ. ಎಲೆ ಅಡಿಕೆಯ ಜತೆ ಕಡ್ಡಿಪುಡಿ ಸೇರಿಸಿ ರಾತ್ರಿಯೆಲ್ಲ ದವಡೆಯಲ್ಲಿ ಒತ್ತಿಟ್ಟುಕೊಂಡು ಮಲಗುವ ಅಭ್ಯಾಸ ಹಳ್ಳಿಗಳಲ್ಲಿ ಹಳೆಯದು. ಬಾಯಿ ಕ್ಯಾನ್ಸರ್ ಹೆಚ್ಚಾಗಿ ಮರಳುವುದು ಬಾಯಿ, ಕುತ್ತಿಗೆಯಲ್ಲೇ. ಶ್ವಾಸಕೋಶಕ್ಕೆ ಒಂದೆರಡು ಗಂಟಾಗಿ ಹೋದವರು ಕಡಿಮೆ, ಆದರೆ ಇದ್ದಾರೆ. ಫ್ರಾನ್ಸಿನಲ್ಲಿ ತಲೆ ಕುತ್ತಿಗೆ ಕ್ಯಾನ್ಸರಿನ ಇಂಥ 69 ಮಂದಿಯಲ್ಲಿ ಕೀಮೊ ಜತೆ ಎಸ್‌ಬಿಆರ್‌ಟಿ ಮತ್ತು ಬರೀ ಎಸ್‌ಬಿಆರ್‌ಟಿಯನ್ನು ಹೋಲಿಸಿ ನೋಡಿದರು. ಬದುಕಿದ ಅವಧಿಯಲ್ಲಿ ಹೇಳಿಕೊಳ್ಳುವ ಅಂತರ ಕಾಣಲಿಲ್ಲ, ಬರೀ ಎಸ್‌ಬಿಆರ್‌ಟಿ ಪಡೆದವರಲ್ಲಿ ಗಂಭೀರ ತೊಂದರೆ ತೀರಾ ಕಡಿಮೆ. ಕೀಮೊ ತಡೆದುಕೊಳ್ಳಲಾರದಷ್ಟು ಸೊರಗಿದ ಹೆಂಗಸಿಗೆ ಇದು ಗಮನಿಸಬೇಕಾದ ದಾರಿ.

ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ

ಪ್ರಯೋಗಗಳು ನಡೆದ ಕೆನಡಾ, ಬೆಲ್ಜಿಯಂಗಳಲ್ಲಿ ಅಷ್ಟಾಗಿ ತಲೆಕೆಡಿಸಿಕೊಳ್ಳಬೇಕಿಲ್ಲದ ಎರಡು ಸಂಗತಿಗಳು ನಮ್ಮ ಈ ಮೂರು ಜಿಲ್ಲೆಗಳಲ್ಲಿವೆ.

ಒಂದು ಕ್ಷಯ. ಪೆಟ್ ಸ್ಕ್ಯಾನಿನಲ್ಲಿ ಸಕ್ಕರೆ ಹೀರುವ ಜಾಗವೆಲ್ಲ ಹೊಳೆಯುತ್ತದೆ. ಕ್ಯಾನ್ಸರ್ ಗಂಟೂ ಹೊಳೆಯುತ್ತದೆ, ಕ್ಷಯದ ಗಂಟೂ ಹೊಳೆಯುತ್ತದೆ. ಎದೆಯ ನಡುವಿನ ಗ್ರಂಥಿ ಹೊಳೆಯಿತೆಂದು ನಾಲ್ಕನೇ ಹಂತ ಬರೆದು, ಆಮೇಲೆ ಸೂಜಿ ಹಾಕಿ ನೋಡಿದರೆ ಕ್ಷಯ ಎಂದು ಬರುವುದು ಭಾರತದ ಆಸ್ಪತ್ರೆಗಳಲ್ಲಿ ಅಪರೂಪವಲ್ಲ. ಕ್ಷಯಕ್ಕೆ ಆರು ತಿಂಗಳ ಮಾತ್ರೆ ಬೇಕು, 54 ಗ್ರೇ ಅಲ್ಲ.

ಇನ್ನೊಂದು ಫ್ಲೋರೈಡ್. ಪಾವಗಡ, ಶಿರಾ, ಬಾಗೇಪಲ್ಲಿ ಕಡೆ ಕೊಳವೆಬಾವಿ ನೀರು ಕುಡಿದು ಮೂಳೆ ಗಡುಸಾದವರು ಎಷ್ಟು ಮಂದಿ ಎಂದು ಅಲ್ಲಿಯವರಿಗೆ ಗೊತ್ತು. ಬಗ್ಗದ ಬೆನ್ನು, ಮಡಚದ ಮಂಡಿ. ಇಂಥ ಮೂಳೆಗಳು ಬೋನ್ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಹರಡಿದ ಮೂಳೆಯ ಹಾಗೆಯೇ ಕಾಣಿಸಬಹುದು. ಬೆಂಗಳೂರಿನ ರೇಡಿಯಾಲಜಿಸ್ಟಿಗೆ ರೋಗಿ ಯಾವ ಊರಿನವರು, ಎಲ್ಲಿಯ ನೀರು ಕುಡಿದವರು ಎಂಬುದು ಕೈಗೆ ಬಂದ ಚೀಟಿಯಲ್ಲಿ ಇರುವುದಿಲ್ಲ. ಹೇಳಬೇಕಾದವರು ನಾವೇ. ಹಳೆಯ ಎಕ್ಸ್‌ರೇ ಇದ್ದರೆ ಫೈಲಿಗೆ ಸೇರಿಸಿ ಒಯ್ಯಿರಿ. ಐದು ವರ್ಷದ ಹಿಂದೆಯೂ ಬೆನ್ನುಮೂಳೆ ಹೀಗೇ ಬೆಳ್ಳಗಿತ್ತು ಎಂದು ತೋರಿಸುವ ಒಂದು ಫಿಲಂ ಎಷ್ಟೋ ಅನುಮಾನ ಬಗೆಹರಿಸುತ್ತದೆ.

ಹೀಗಾಗಿ ಮೊದಲ ಬಾರಿಗೆ ಹರಡಿದ್ದು ಕಂಡಾಗ, ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಒಂದು ಗಂಟಿನಿಂದ ಬೈಯಾಪ್ಸಿ ತೆಗೆಯದೆ ಎಸ್‌ಬಿಆರ್‌ಟಿಗೆ ಒಪ್ಪಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಸೂಜಿ ಹಾಕಿದ್ರೆ ಹರಡ್ತದೆ’ ಎಂಬ ಭಯ ನಮ್ಮ ಕಡೆ ಬಹಳ. ಆ ಭಯಕ್ಕೆ ಮಣಿದು ಬೈಯಾಪ್ಸಿ ಬಿಡುವುದರಿಂದ ಆಗುವ ನಷ್ಟ, ಸೂಜಿಯಿಂದ ಆಗಬಹುದಾದ ತೊಂದರೆಗಿಂತ ಎಷ್ಟೋ ದೊಡ್ಡದು.

ದಾರಿ, ಬಸ್ಸು, ಕಾರ್ಡು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹತ್ತು ಲಕ್ಷ ಜನರಿಗೆ ಒಂದು ವಿಕಿರಣ ಯಂತ್ರ ಇರಬೇಕು. 2011ರ ಜನಗಣತಿಯಲ್ಲೇ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೇರಿ ಸುಮಾರು 55 ಲಕ್ಷ ಜನ. ಆ ಲೆಕ್ಕಕ್ಕೆ ಐದಾರು ಯಂತ್ರ ಈ ಜಿಲ್ಲೆಗಳಲ್ಲೇ ಇರಬೇಕಿತ್ತು. ವಾಸ್ತವದಲ್ಲಿ ಬಹುತೇಕರು ಹತ್ತುವುದು ಬೆಂಗಳೂರಿನ ಬಸ್ಸು, ಇಳಿದ ಮೇಲೆ ಕೇಳುವುದು ಹೊಸೂರು ರಸ್ತೆಯ ಕಿದ್ವಾಯಿ. 2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೊ ಕೇಂದ್ರ ಶುರು ಮಾಡಿದ್ದು ಒಳ್ಳೆಯ ಹೆಜ್ಜೆ, ಆದರೆ ಅದು ಕೀಮೊಗೆ.

ಇಲ್ಲಿ ಎಸ್‌ಬಿಆರ್‌ಟಿಯ ಒಂದು ಗುಣ ನಮಗೆ ಒದಗುತ್ತದೆ. ಪಾವಗಡದಿಂದ ಬೆಂಗಳೂರು ನೂರೈವತ್ತು ಕಿಲೋಮೀಟರ್ ಆಸುಪಾಸು. ಆರು ವಾರದ ಕರೆಂಟ್ ಎಂದರೆ ಕಿದ್ವಾಯಿ ಸುತ್ತಮುತ್ತ ರೂಮು ಮಾಡಬೇಕು ಅಥವಾ ಧರ್ಮಶಾಲೆಯಲ್ಲಿ ಜಾಗ ಹಿಡಿಯಬೇಕು, ಜತೆಗೆ ಇರುವವರ ಕೂಲಿ ಹೋಗಬೇಕು, ಹಸು ಯಾರ ಪಾಲಿಗೋ ಬಿಡಬೇಕು. ಎಸ್‌ಬಿಆರ್‌ಟಿಯಾದರೆ ತಯಾರಿಗೆ ಒಂದೆರಡು ದಿನ, ಚಿಕಿತ್ಸೆಗೆ ಮೂರರಿಂದ ಐದು ದಿನ. ಶಕ್ತಿ ಯೋಜನೆಯಿಂದ ಜತೆಗೆ ಬರುವ ಹೆಂಡತಿಗೋ ಮಗಳಿಗೋ ಸರ್ಕಾರಿ ಬಸ್ಸಿಗೆ ಟಿಕೆಟ್ ಇಲ್ಲ. ಹಾಗಾಗಿ ಚಿಕಿತ್ಸೆ ನಮಗೆ ದೂರದ್ದೇನಲ್ಲ. ದೂರವಾಗುವುದು ಆಮೇಲಿನದು. ಪ್ರತಿ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಹೊಸ ಗಂಟು ಬಂತೇ ಎಂದು ನೋಡುತ್ತಾ ಇರದಿದ್ದರೆ ಮೊದಲು ಸುರಿದದ್ದೆಲ್ಲ ಕುರುಡು ಲೆಕ್ಕ. ಖಾಸಗಿಯಲ್ಲಿ ಒಂದು ಪೆಟ್ ಸ್ಕ್ಯಾನಿಗೆ ಹತ್ತು ಸಾವಿರದ ಮೇಲೆ ಖರ್ಚು. ಚಿಕಿತ್ಸೆಯ ಎಸ್ಟಿಮೇಟ್ ಕೊಡುವ ಕೌಂಟರಿನಲ್ಲಿ ಈ ಮುಂದಿನ ಸ್ಕ್ಯಾನುಗಳನ್ನು ಸೇರಿಸಿ ಹೇಳುವವರನ್ನು ನಾನು ಕಂಡಿಲ್ಲ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ ಒಂದೂವರೆ ಲಕ್ಷದವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಗೆ ಹೋಗುವುದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಅರ್ಧ ದಿನದ ಕೆಲಸ, ಅದನ್ನು ಬಿಟ್ಟು ಹೋದರೆ ಬೆಂಗಳೂರಿನಿಂದ ವಾಪಸ್ ಕಳಿಸುತ್ತಾರೆ. ಸ್ಟೀರಿಯೊಟ್ಯಾಕ್ಟಿಕ್ ಚಿಕಿತ್ಸೆ ಪ್ಯಾಕೇಜ್ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಹರಡಿದ ಕಾಯಿಲೆಗೆ ಅದು ತಾನಾಗಿ ಮಂಜೂರಾಗುತ್ತದೆ ಎಂದಲ್ಲ. ಕೇಸ್ ಕಳಿಸಿ ಒಪ್ಪಿಗೆ ಬಂದ ಮೇಲೆಯೇ ಅಚ್ಚಿನ ಚೀಲದ ಮೇಲೆ ಮಲಗುವುದು ಕ್ಷೇಮ. ಒಂದಕ್ಕಿಂತ ಹೆಚ್ಚು ಗಂಟು ಇದ್ದರೆ ಪ್ಯಾಕೇಜು ಎಲ್ಲಕ್ಕೂ ಸೇರಿಯೋ, ಒಂದೊಂದಕ್ಕೋ ಎಂಬುದನ್ನು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಬಳಿ ಬಾಯಿಬಿಟ್ಟು ಕೇಳಿ.

ಇನ್ನೂ ಒಂದು ಪ್ರಶ್ನೆ ಕೇಳುವುದಿದೆ, ಇದನ್ನು ಕೇಳಿದರೆ ವೈದ್ಯರು ಬೇಸರ ಮಾಡಿಕೊಳ್ಳಬಾರದು: ಈ ತೀರ್ಮಾನವನ್ನು ವಿಕಿರಣ ತಜ್ಞರು ಒಬ್ಬರೇ ಮಾಡಿದರೇ, ಅಥವಾ ಕೀಮೊ ತಜ್ಞರು, ಸರ್ಜನ್, ರೇಡಿಯಾಲಜಿಸ್ಟ್ ಒಟ್ಟಿಗೆ ಕುಳಿತು ಮಾಡಿದರೇ? ಟ್ಯೂಮರ್ ಬೋರ್ಡ್ ಎಂದು ಕರೆಯುವ ಈ ಸಭೆಯ ಟಿಪ್ಪಣಿ ಫೈಲಿನಲ್ಲಿ ಇದ್ದರೆ ಅದರ ಪ್ರತಿ ತೆಗೆದಿಟ್ಟುಕೊಳ್ಳಿ. ಇನ್ನೊಂದು ಕಡೆ ಅಭಿಪ್ರಾಯ ಕೇಳಲು ಅದೇ ಸಾಕು.

ಚಿಕಿತ್ಸೆಯ ನಂತರ ಒಂದು ಹೊಸ ಗಂಟು ಬಂದರೆ ಏನು? ಬೆಳವಣಿಗೆ ನಿಧಾನವಿದ್ದರೆ, ಜಾಗ ಬೇರೆಯಿದ್ದರೆ, ಮತ್ತೊಮ್ಮೆ ಕೊಡಬಹುದು. ಔಷಧಿ ಉಳಿದೆಲ್ಲ ಕಡೆ ಹಿಡಿತದಲ್ಲಿಟ್ಟು ಒಂದೆರಡು ಕಡೆ ಮಾತ್ರ ಸೋತಾಗಲೂ ಇದೇ ಉಪಾಯ. 2024ರಲ್ಲಿ ನ್ಯೂಯಾರ್ಕಿನಿಂದ ಬಂದ 106 ರೋಗಿಗಳ ಪ್ರಯೋಗದಲ್ಲಿ ಇಂಥ ಶ್ವಾಸಕೋಶ ಕ್ಯಾನ್ಸರಿನವರಲ್ಲಿ ಕಾಯಿಲೆ ಮುಂದುವರಿಯದೆ ನಿಂತ ಅವಧಿ 2.2 ತಿಂಗಳಿಂದ 10 ತಿಂಗಳಿಗೆ ಏರಿತು; ಸ್ತನ ಕ್ಯಾನ್ಸರಿನವರಲ್ಲಿ ಇಲ್ಲಿಯೂ ಬದಲಾವಣೆ ಕಾಣಲಿಲ್ಲ. ಹೊಸ ಗಂಟುಗಳು ಆರು ತಿಂಗಳೊಳಗೆ ಎರಡು ಮೂರು ಸಲ ಬಂದರೆ ಬೆನ್ನಟ್ಟುವುದನ್ನು ನಿಲ್ಲಿಸಬೇಕು. ಆ ಹಂತಕ್ಕೆ ಬಂದವರಿಗೂ, ಮೊದಲಿಂದಲೇ ಹತ್ತಾರು ಕಡೆ ಹರಡಿದವರಿಗೂ ವಿಕಿರಣದ ಬಾಗಿಲು ಮುಚ್ಚಿಲ್ಲ. ಮೂಳೆ ನೋವಿಗೆ 8 ಗ್ರೇಯ ಒಂದೇ ಕಂತು ಸಾಕು. ನೋವು ಇಳಿಸುವುದರಲ್ಲಿ ಅದು ಹತ್ತು ದಿನದ ಕರೆಂಟಿಗೆ ಸಮ ಎಂಬುದು ಹಳೆಯ, ಗಟ್ಟಿಯಾದ ತಿಳಿವಳಿಕೆ. ಅದಕ್ಕೆ ಎಸ್‌ಬಿಆರ್‌ಟಿ ಸೌಲಭ್ಯ ಬೇಡ, ಸಾಮಾನ್ಯ ವಿಕಿರಣ ಯಂತ್ರ ಇರುವ ಹತ್ತಿರದ ಯಾವ ಆಸ್ಪತ್ರೆಯಲ್ಲಾದರೂ ಆಗುತ್ತದೆ, ಬೆಳಿಗ್ಗೆ ಹೋದವರು ಅದೇ ದಿನ ಮನೆಗೆ ಬರಬಹುದು.